ಮೊದಲನೆಯದು ಎಲ್ಲಿದೆ? ಮುಂಬಯಿಯ ಕನ್ನಡ ಸಂಘಗಳ ಗ್ರಂಥಾಲಯ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಮುಂಬಯಿ, ಠಾಣೆ, ಡೊಂಬಿವಲಿ, ನವಿಮುಂಬಯಿಯ ಕನ್ನಡ ಸಂಘಗಳ ಗ್ರಂಥಾಲಯ ಸಮಿತಿಯವರಿಗೆ,

ಮಾನ್ಯರೇ,

ನಿಮ್ಮ ಗ್ರಂಥಾಲಯದ ಇಂಗ್ಲಿಷ್ ಕಪಾಟಿನಲ್ಲಿ ‘ಇನ್ ಡೆತ್’ ಎಂದು ಕೊನೆಗೊಳ್ಳುವ ಹೆಸರಿನ ನಾಲ್ಕೋ ಐದೋ ದಪ್ಪ ಪುಸ್ತಕಗಳು ಇದ್ದರೆ ಒಮ್ಮೆ ಹೊರತೆಗೆದು ನೋಡಿ. ಯಾರೋ ಮನೆ ಖಾಲಿ ಮಾಡುವಾಗ ಚೀಲದಲ್ಲಿ ತುಂಬಿ ಕೊಟ್ಟಿದ್ದು, ಇನ್ಯಾರೋ ವಿಮಾನದಲ್ಲಿ ಓದಿ ಮುಗಿಸಿ ತಂದಿಟ್ಟಿದ್ದು. ಸರಣಿಯ 12ನೆಯದು ಇರುತ್ತದೆ, 19 ಇರುತ್ತದೆ, 34 ಇರುತ್ತದೆ. ಮೊದಲನೆಯದು ಮಾತ್ರ ಇರುವುದಿಲ್ಲ.

ನಮ್ಮ ಬೇಡಿಕೆ ಇಷ್ಟೇ: ‘ಇನ್ ಡೆತ್’ ಎಂಬ ಈ ಪತ್ತೇದಾರಿ ಸರಣಿಯ ಮೊದಲ ಹತ್ತು ಪುಸ್ತಕಗಳನ್ನು ಕ್ರಮವಾಗಿ ಕೊಳ್ಳಿ, ಕಥೆಯ ಕ್ರಮದಲ್ಲೇ ಜೋಡಿಸಿ, ಕ್ರಮದಲ್ಲೇ ಎರವಲು ಕೊಡಿ. ಅದಕ್ಕೆ ಹಣವೋ ಜಾಗವೋ ಇಲ್ಲವೆಂದಾದರೆ ಈಗಿರುವ ನಾಲ್ಕೈದನ್ನು ಕಪಾಟಿನಿಂದ ತೆಗೆದುಬಿಡಿ. ಅರೆಬರೆ ಸರಣಿ ಇಡುವುದಕ್ಕಿಂತ ಇಡದಿರುವುದು ಮೇಲು. 34ನೆಯದನ್ನು ಮೊದಲು ಹಿಡಿದ ಓದುಗ ಅರ್ಧಕ್ಕೆ ಬಿಟ್ಟು, ‘ಇದರಲ್ಲೇನಿದೆ’ ಎಂದು ಹೋದರೆ ಮತ್ತೆ ಆ ಕಪಾಟಿನ ಕಡೆ ತಿರುಗಿಯೂ ನೋಡುವುದಿಲ್ಲ.

ಸರಣಿಯ ಪರಿಚಯವಿಲ್ಲದ ಸದಸ್ಯರಿಗಾಗಿ ನಾಲ್ಕು ಮಾತು. ಪ್ರಣಯ ಕಾದಂಬರಿಗಳಿಗೆ ಹೆಸರಾದ ಅಮೆರಿಕದ ಲೇಖಕಿ ನೋರಾ ರಾಬರ್ಟ್ಸ್, ಜೆ.ಡಿ. ರಾಬ್ ಎಂಬ ಇನ್ನೊಂದು ಹೆಸರಿನಲ್ಲಿ 1995ರಲ್ಲಿ ಇದನ್ನು ಆರಂಭಿಸಿದರು. ಮೊದಲ ಪುಸ್ತಕ ‘ನೇಕೆಡ್ ಇನ್ ಡೆತ್’. ಆಮೇಲೆ ಹೆಚ್ಚುಕಡಿಮೆ ವರ್ಷಕ್ಕೆ ಎರಡರಂತೆ ಬಂದು, 2025ರ ಫೆಬ್ರವರಿಗೆ 60 ಕಾದಂಬರಿಗಳಾದವು, ಮುಂದಿನವೂ ಬರುತ್ತಿವೆ. ಕಥೆ ನಡೆಯುವುದು 2058ರಿಂದ ಮುಂದಕ್ಕೆ, ನ್ಯೂಯಾರ್ಕ್‌ನಲ್ಲಿ. ನಾಯಕಿ ಈವ್ ಡಾಲಸ್ ಕೊಲೆ ವಿಭಾಗದ ಪೊಲೀಸ್ ಲೆಫ್ಟಿನೆಂಟ್. ‘ಅರ್ಬನ್ ವಾರ್ಸ್’ ಎಂಬ ನಗರಯುದ್ಧಗಳು ಮುಗಿದು ಹೋಗಿವೆ. ಬಂದೂಕು ಜನಸಾಮಾನ್ಯರ ಕೈಯಿಂದ ಹೋಗಿ, ಪರವಾನಗಿ ಇರುವ ಸಂಗ್ರಾಹಕರ ಬಳಿ ಮಾತ್ರ ಉಳಿದಿದೆ. ವೇಶ್ಯಾವೃತ್ತಿಗೆ ಸರ್ಕಾರದ ಲೈಸೆನ್ಸ್ ಇದೆ. ಭೂಮಿಯ ಆಚೆಗೆ ರೆಸಾರ್ಟುಗಳಿವೆ. ಅಡುಗೆಮನೆಯಲ್ಲಿ ‘ಆಟೋಶೆಫ್’ ಎಂಬ ಯಂತ್ರ ಗುಂಡಿ ಒತ್ತಿದರೆ ಊಟ ಕೊಡುತ್ತದೆ. ನಿಜವಾದ ಕಾಫಿ ಮಾತ್ರ ಸಿರಿವಂತರಿಗೇ ಮೀಸಲು, ಉಳಿದವರಿಗೆ ಬದಲಿ ಪುಡಿ. ಮಾಟುಂಗಾದಲ್ಲಿ ಫಿಲ್ಟರ್ ಕಾಫಿ ಮುಗಿಸಿ ಗ್ರಂಥಾಲಯದ ಮೆಟ್ಟಿಲು ಹತ್ತುವವರಿಗೆ ಸರಣಿಯ ಕೊಲೆಗಳಿಗಿಂತ ಈ ಸಂಗತಿಯೇ ಹೆಚ್ಚು ದಿಗಿಲು ಹುಟ್ಟಿಸೀತು.

ಸಮಿತಿಯಲ್ಲಿ ಮೊದಲು ಏಳುವ ಆಕ್ಷೇಪ ಯಾವುದೆಂದು ಬಲ್ಲೆವು: ಕನ್ನಡ ಸಂಘದ ದುಡ್ಡಿನಲ್ಲಿ ಇಂಗ್ಲಿಷ್ ಪತ್ತೇದಾರಿ ಏಕೆ? ಕನ್ನಡ ಪುಸ್ತಕಗಳ ಹಣಕ್ಕೆ ಕೈ ಹಾಕಿ ಎಂದು ನಾವು ಹೇಳುತ್ತಿಲ್ಲ. ಇಂಗ್ಲಿಷ್ ಕಪಾಟು ಹೇಗೂ ಇದೆ; ಅದಕ್ಕೆಂದು ಇರುವ ಹಣದಲ್ಲೇ, ಸಿಕ್ಕಿದ್ದನ್ನು ಕೊಳ್ಳುವ ಬದಲು ಇದನ್ನು ಕೊಳ್ಳಿ ಎನ್ನುತ್ತಿದ್ದೇವೆ. ಮುಂಬಯಿಯಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡಿ, ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಮರಾಠಿ ಕಲಿತವರು ಕನ್ನಡ ಕಾದಂಬರಿಯನ್ನು ಸಲೀಸಾಗಿ ಓದಲಾರರು. ಆದರೆ ಓದಿದ ಇಂಗ್ಲಿಷ್ ಕಾದಂಬರಿಯ ಬಗ್ಗೆ ಕನ್ನಡದಲ್ಲಿ ಗಂಟೆಗಟ್ಟಲೆ ಜಗಳವಾಡಬಲ್ಲರು. ಆ ಜಗಳ ಸಂಘದ ಹಾಲ್‌ನಲ್ಲೇ ನಡೆಯಲಿ. ಪಕ್ಕದ ಕಪಾಟಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೂ ಕಾದಿರಲಿ. ಕೊಲೆಗಾರನನ್ನು ಹುಡುಕುವ ಚಟ ಒಮ್ಮೆ ಹತ್ತಿದವರು ಅಕ್ಷರ ಕೂಡಿಸಿಕೊಂಡಾದರೂ ಅತ್ತ ದಾಟುತ್ತಾರೆ ಎಂಬುದು ನಮ್ಮ ಎಣಿಕೆ.

ಇನ್ನು ಕ್ರಮದ ವಿಷಯ. ಪತ್ತೇದಾರಿ ಸರಣಿ ಎಂದರೆ ಪ್ರತಿ ಪುಸ್ತಕವೂ ಬಿಡಿ ಕಥೆ, ಎಲ್ಲಿಂದ ಬೇಕಾದರೂ ಓದಬಹುದು ಎಂದು ಹೆಚ್ಚಿನವರ ಅಭಿಪ್ರಾಯ. ಇಲ್ಲಿ ಕೊಲೆಗಳು ಬಿಡಿ, ಬದುಕು ಒಂದೇ. ಕಥೆಯ ಕಾಲ ಎಷ್ಟು ನಿಧಾನವಾಗಿ ಸಾಗುತ್ತದೆ ನೋಡಿ. 7ನೆಯ ಪುಸ್ತಕದಲ್ಲಿ 2058ರ ಕ್ರಿಸ್‌ಮಸ್. ಅದು ಅಚ್ಚಾದದ್ದು 1998ರಲ್ಲಿ. 22ನೆಯದರಲ್ಲಿ 2059ರ ಕ್ರಿಸ್‌ಮಸ್, ಅಚ್ಚಾದದ್ದು 2006. 39ನೆಯದರಲ್ಲಿ 2060ರ ಕ್ರಿಸ್‌ಮಸ್, ಅಚ್ಚಾದದ್ದು 2014. ಎಂದರೆ ಈವ್ ಡಾಲಸಳ ಒಂದು ವರ್ಷ ಸರಿಯುವಷ್ಟರಲ್ಲಿ ಓದುಗರಿಗೆ ಎಂಟು ವರ್ಷ ವಯಸ್ಸಾಗುತ್ತದೆ. 60ನೆಯದಕ್ಕೆ ಬಂದರೂ 2061 ಮುಗಿದಿಲ್ಲ. ನಾಲ್ಕು ವರ್ಷವೂ ತುಂಬದ ಅವಧಿಗೆ 60 ಪುಸ್ತಕ. ಹಾಗಾಗಿ ಒಂದರಲ್ಲಿ ಆದ ಗಾಯ ಮುಂದಿನದರಲ್ಲಿ ಇನ್ನೂ ಮಾಗಿರುವುದಿಲ್ಲ, ಒಂದರಲ್ಲಿ ಆಡಿದ ಮಾತಿಗೆ ಮೂರನೆಯದರಲ್ಲಿ ಉತ್ತರ ಬರುತ್ತದೆ.

ಕ್ರಮ ತಪ್ಪಿದರೆ ಕೆಡುವುದೇನು? ಮೊದಲನೆಯದನ್ನೇ ತೆಗೆದುಕೊಳ್ಳಿ. ಕೊಲೆಗೆ ಬಳಸಿದ್ದು ಹಳೆಯ ಕಾಲದ ಬಂದೂಕು. ರೋರ್ಕ್ ಎಂಬ ಐರಿಶ್ ಕೋಟ್ಯಧಿಪತಿ ಅಂಥ ಬಂದೂಕುಗಳ ಸಂಗ್ರಾಹಕ, ಆದ್ದರಿಂದ ಶಂಕಿತ. ತನಿಖೆ ಮಾಡುವವಳು ಅವನತ್ತ ಸೆಳೆಯಲ್ಪಡುತ್ತಾಳೆ. ಇಡೀ ಪುಸ್ತಕದ ಬಿಗಿ ನಿಂತಿರುವುದು ಈ ಒಂದು ಸಂದೇಹದ ಮೇಲೆ. ಹತ್ತನೆಯದನ್ನು ಮೊದಲೇ ಓದಿದವನಿಗೆ ಅವನು ಅವಳ ಗಂಡ ಎಂದು ಗೊತ್ತು. ಅಲ್ಲಿಗೆ ಮೊದಲ ಪುಸ್ತಕದ ಅರ್ಧ ಸತ್ವ ಹೋಯಿತು. ಪೀಬಾಡಿ ಎಂಬ ಸಮವಸ್ತ್ರದ ಹುಡುಗಿ ಬರುವುದು 2ನೆಯದರಲ್ಲಿ. ಆಮೇಲೆ ಈವ್‌ಳ ಸಹಾಯಕಿಯಾಗುತ್ತಾಳೆ. ಡಿಟೆಕ್ಟಿವ್ ಪರೀಕ್ಷೆ ಬರೆಯುವುದು 17ರಲ್ಲಿ. 19ರಲ್ಲಿ ಅವಳಿಗೆ ಒದಗುವ ಅಪಾಯ ಎದೆ ನಡುಗಿಸುವುದು ಅಷ್ಟು ದೂರ ಅವಳ ಜೊತೆ ನಡೆದವರಿಗೆ ಮಾತ್ರ, ಉಳಿದವರಿಗೆ ಅದು ಇನ್ನೊಂದು ಹಲ್ಲೆ. ಗೆಳತಿ ಮೇವಿಸ್ ತನ್ನ ಸಂಗಾತಿಯನ್ನು ಕಾಣುವುದು 3ರಲ್ಲಿ, ಮಗು ಹುಟ್ಟುವುದು 23ರಲ್ಲಿ. ರೋರ್ಕ್‌ಗೆ ತನ್ನ ತಾಯಿಯ ನಿಜ ತಿಳಿಯುವುದು 16ರಲ್ಲಿ. ಈವ್‌ಳ ಬಾಲ್ಯದ ನೆನಪು ತುಣುಕು ತುಣುಕಾಗಿ ಮರಳುತ್ತದೆ. ಆ ಎಳೆ ಮೊದಲ ಮೂರರಿಂದ ಹೊರಟು 14, 18ರ ಮೂಲಕ ಹಾದು 33ಕ್ಕೆ ಬಂದು ಬಿಗಿಯುತ್ತದೆ.

ಎಲ್ಲಕ್ಕಿಂತ ಕೆಟ್ಟ ಜೋಡಿ 21 ಮತ್ತು 34. 21ನೆಯದು ಒಂದು ದೊಡ್ಡ ಗುಟ್ಟಿನ ಮೇಲೆ ನಿಂತ ಪ್ರಕರಣ. 34ರಲ್ಲಿ ಅದೇ ಪ್ರಕರಣವನ್ನು ಆಧರಿಸಿ ಸಿನಿಮಾ ತೆಗೆಯುತ್ತಿದ್ದಾರೆ, ಆ ಚಿತ್ರತಂಡದಲ್ಲೇ ಕೊಲೆ. 34 ಓದಿ 21ಕ್ಕೆ ಬಂದವನಿಗೆ ಪತ್ತೆ ಮಾಡಲು ಏನೂ ಉಳಿದಿರುವುದಿಲ್ಲ. ದಾನದಲ್ಲಿ 34 ಬಂದು 21 ಬಾರದಿದ್ದರೆ 34ನ್ನು ಬೀರುವಿನೊಳಗೆ ಬೀಗ ಹಾಕಿಡಿ. (ಈ ಪತ್ರದಲ್ಲಿ ಯಾವ ಕೊಲೆಗಾರನ ಹೆಸರೂ ಇಲ್ಲ, ನಿಶ್ಚಿಂತೆಯಿಂದ ಸೂಚನಾಫಲಕಕ್ಕೆ ಅಂಟಿಸಬಹುದು.)

ಕೊಳ್ಳುವಾಗ ಎಡವುವ ಜಾಗಗಳಿವೆ. ದೊಡ್ಡ ಕಾದಂಬರಿಗಳ ನಡುನಡುವೆ ಹತ್ತು ನೀಳ್ಗತೆಗಳಿವೆ; ಓದುಗರು ಅವನ್ನು ಅರ್ಧಸಂಖ್ಯೆಯಿಂದ ಗುರುತಿಸುತ್ತಾರೆ: 7.5, 12.5, 22.5, 24.5, 27.5, 29.5, 31.5, 33.5, 37.5, 41.5. ಇವೆಲ್ಲ ಮೊದಲು ಬಂದದ್ದು ಬೇರೆ ಲೇಖಕಿಯರ ಕಥೆಗಳ ಜೊತೆಗಿನ ಸಂಕಲನಗಳಲ್ಲಿ. ಹತ್ತಕ್ಕೆ ಹತ್ತು ಸಂಕಲನ ಕೊಂಡರೆ ಹಣ ದಂಡ. ಮೊದಲ ಆರಕ್ಕೆ ಎರಡೇ ಪುಸ್ತಕ ಸಾಕು: ‘ಥ್ರೀ ಇನ್ ಡೆತ್’ನಲ್ಲಿ 7.5, 12.5, 22.5; ‘ಟೈಮ್ ಆಫ್ ಡೆತ್’ನಲ್ಲಿ 24.5, 27.5, 29.5. ಉಳಿದ ನಾಲ್ಕಕ್ಕೆ ಮಾತ್ರ ಸಂಕಲನಗಳನ್ನೇ ಹುಡುಕಬೇಕು: ‘ದಿ ಅದರ್ ಸೈಡ್’, ‘ದಿ ಅನ್‌ಕ್ವೈಟ್’, ‘ಮಿರರ್, ಮಿರರ್’, ‘ಡೌನ್ ದ ರ‍್ಯಾಬಿಟ್ ಹೋಲ್’. ಈ ನಾಲ್ಕರ ಹೆಸರಿನಲ್ಲಿ ‘ಇನ್ ಡೆತ್’ ಇಲ್ಲ, ಆದ್ದರಿಂದ ಅಂಗಡಿಯವನಿಗೆ ಸರಣಿಯ ಹೆಸರು ಹೇಳಿದರೆ ಸಿಗುವುದಿಲ್ಲ.

ಇನ್ನೊಂದು ಹಳ್ಳ 17 ಮತ್ತು 18ರ ನಡುವೆ ಇದೆ. 2003ರ ‘ರಿಮೆಂಬರ್ ವೆನ್’ ಎಂಬ ಪುಸ್ತಕದ ಮೊದಲರ್ಧ ನಮ್ಮ ಕಾಲದ ಒಂದು ವಜ್ರಕಳವಿನ ಕಥೆ, ನೋರಾ ರಾಬರ್ಟ್ಸ್ ಹೆಸರಿನಲ್ಲಿ. ಉತ್ತರಾರ್ಧ ಅದೇ ವಜ್ರಗಳ ಬೆನ್ನು ಹತ್ತಿದ ಈವ್ ಡಾಲಸಳ ಕಥೆ, ರಾಬ್ ಹೆಸರಿನಲ್ಲಿ. ಈ ಉತ್ತರಾರ್ಧವನ್ನಷ್ಟೇ ಕತ್ತರಿಸಿ 2010ರಲ್ಲಿ ‘ಬಿಗ್ ಜ್ಯಾಕ್’ ಎಂದು ಬೇರೆ ಪುಸ್ತಕ ಮಾಡಿದರು. ಗೊತ್ತಿಲ್ಲದೆ ಎರಡನ್ನೂ ಕೊಳ್ಳುವವರಿದ್ದಾರೆ. ‘ರಿಮೆಂಬರ್ ವೆನ್’ ಒಂದೇ ಸಾಕು; ಮೊದಲರ್ಧ ಓದದೆ ಎರಡನೆಯದು ಸೊರಗುತ್ತದೆ.

‘ಥ್ರೀ ಇನ್ ಡೆತ್’ ಎಲ್ಲಿಡುವುದು? ಮೂರು ಕಥೆ, ಮೂರು ಜಾಗ. ಪುಸ್ತಕವನ್ನು 7ರ ಪಕ್ಕಕ್ಕೆ ಇಡಿ. 12 ಮತ್ತು 22ರ ಪಕ್ಕದಲ್ಲಿ ಅದೇ ಎತ್ತರದ ಒಂದೊಂದು ರಟ್ಟಿನ ತುಂಡು ನಿಲ್ಲಿಸಿ, ‘ಇಲ್ಲಿ 12.5: ಥ್ರೀ ಇನ್ ಡೆತ್ ನೋಡಿ’ ಎಂದು ಬರೆಯಿರಿ. ಎರವಲು ಒಯ್ಯುವವರಿಗೂ ಹೇಳಬೇಕು, ಇಡೀ ಪುಸ್ತಕವನ್ನು ಒಂದೇ ಉಸಿರಿನಲ್ಲಿ ಮುಗಿಸಬಾರದೆಂದು. 8ಕ್ಕೆ ಹೋಗುವ ಮೊದಲು 22.5 ಓದಿದರೆ ಒಂದು ವರ್ಷ ಹಾರಿದಂತೆ. 7.5 ಮಾತ್ರ ಬಿಡಬಾರದ್ದು.

ಬೆನ್ನಚೀಟಿಯ ಮಾತಿಗೆ ಬರೋಣ. ಹೆಚ್ಚಿನ ಗ್ರಂಥಾಲಯಗಳಲ್ಲಿ ಲೇಖಕರ ಉಪನಾಮದ ಮೊದಲ ಮೂರು ಅಕ್ಷರ ಬರೆಯುವ ರೂಢಿ. ಇಂಗ್ಲಿಷಿನಲ್ಲಿ ರಾಬ್ ಮತ್ತು ರಾಬರ್ಟ್ಸ್ ಎರಡಕ್ಕೂ ಆ ಮೂರು ಅಕ್ಷರ ಒಂದೇ. ಕೆಲವು ಮುದ್ರಣಗಳ ಮುಖಪುಟದಲ್ಲಂತೂ ಎರಡು ಹೆಸರೂ ಇರುತ್ತವೆ. ಫಲವಾಗಿ ಆ ಲೇಖಕಿಯ ನೂರಾರು ಪ್ರಣಯ ಕಾದಂಬರಿಗಳ ನಡುವೆ ಈ ಸರಣಿ ಚೆದುರಿಹೋಗುತ್ತದೆ. ಹೆಸರಿನ ಅಕಾರಾದಿಯಲ್ಲಿ ಜೋಡಿಸಿದರೆ ಇನ್ನೂ ಅನರ್ಥ: 54ನೆಯದಾದ ‘ಅಬ್ಯಾಂಡನ್ಡ್’ ಮೊದಲು ನಿಂತು, ಮೊದಲನೆಯದಾದ ‘ನೇಕೆಡ್’ ನಡುವೆಲ್ಲೋ ಸಿಕ್ಕಿಕೊಳ್ಳುತ್ತದೆ. ಅಕ್ಷರದ ಗೊಡವೆಯೇ ಬೇಡ. ಬೆನ್ನಿನ ಕೆಳಗಿನಿಂದ 3 ಸೆಂ.ಮೀ. ಮೇಲೆ ಒಂದು ಬಿಳಿ ಚೀಟಿ, ಅದರ ಮೇಲೆ ದೊಡ್ಡದಾಗಿ ಸರಣಿಸಂಖ್ಯೆ ಮಾತ್ರ. ದಾಖಲೆ ವಹಿಯ ಸಂಖ್ಯೆ ಒಳಪುಟದಲ್ಲಿರಲಿ. ಕೆಲವು ಬ್ರಿಟಿಷ್ ಮುದ್ರಣಗಳ ಹೊದಿಕೆಯಲ್ಲಿ ಸಂಖ್ಯೆ ಇರುತ್ತದೆ. ಹಳೆಯ ಅಮೆರಿಕನ್ ಪೇಪರ್‌ಬ್ಯಾಕುಗಳಲ್ಲಿ ಹುಡುಕಿದರೂ ಸಿಗದು. ಆಗ ಹಕ್ಕುಸ್ವಾಮ್ಯದ ಪುಟದ ವರ್ಷ ನೋಡಿ. ಆದರೆ ವರ್ಷಕ್ಕೆ ಎರಡು ಬಂದಿರುವುದರಿಂದ ವರ್ಷವೊಂದೇ ಸಾಲದು, ತಿಂಗಳೂ ಬೇಕು.

ಹೆಸರುಗಳು ಹೆಚ್ಚುಕಡಿಮೆ ಎಲ್ಲವೂ ಒಂದೇ ಬಾಲದವಾದ್ದರಿಂದ ಇನ್ನೊಂದು ಪೇಚಾಟ: ಕೌಂಟರಿನ ಮುಂದೆ ನಿಂತ ಓದುಗನಿಗೆ ಕಳೆದ ಸಲ ಒಯ್ದದ್ದು ಯಾವುದೆಂದು ನೆನಪಾಗುವುದಿಲ್ಲ. ಸದಸ್ಯತ್ವದ ಕಾರ್ಡಿನ ಹಿಂಬದಿಗೆ 1ರಿಂದ 60ರವರೆಗೆ ಚೌಕಗಳ ಒಂದು ಚೀಟಿ ಅಂಟಿಸಿ, ಹಿಂತಿರುಗಿಸಿದಾಗ ಗೀಟು ಹಾಕಿದರೆ ಮುಗಿಯಿತು.

ಎಷ್ಟು ಪ್ರತಿ ಬೇಕು? ತಿಂಗಳಿಗೊಂದು ಪುಸ್ತಕ, ಹನ್ನೆರಡು ಜನ ಓದುಗರು ಎಂದಿಟ್ಟುಕೊಳ್ಳಿ. ಲೋಕಲಿನಲ್ಲಿ ನಿಂತು ಓದುವವರಿಗೆ ಇಂಥ ಪುಸ್ತಕಕ್ಕೆ ಹತ್ತು ದಿನ ಬೇಕು. ಮೂರು ಪ್ರತಿ ಇದ್ದರೆ ಒಂದೊಂದನ್ನು ನಾಲ್ಕು ಜನ ಓದಬೇಕು, 40 ದಿನ, ತಿಂಗಳು ಮೀರಿತು. ನಾಲ್ಕು ಪ್ರತಿಯಾದರೆ ಮೂವರಿಗೊಂದು, 30 ದಿನ. ಆದ್ದರಿಂದ ಮೊದಲ ಮೂರು ಪುಸ್ತಕಗಳಿಗೆ ನಾಲ್ಕು ನಾಲ್ಕು ಪ್ರತಿ. ಈ ಮೂರು ಸೇರಿದರೆ ಒಂದು ಸುತ್ತು ಪೂರ್ತಿಯಾಗುತ್ತದೆ: ಈವ್ ಮತ್ತು ರೋರ್ಕ್ ಭೇಟಿಯಿಂದ ಮದುವೆಯವರೆಗೆ. ಅಷ್ಟರಲ್ಲಿ ಇದು ತಮಗೆ ಹೇಳಿಸಿದ್ದೋ ಅಲ್ಲವೋ ಎಂದು ಓದುಗರಿಗೆ ತಿಳಿದುಬಿಡುತ್ತದೆ, ಅರ್ಧ ಜನ ಉದುರುತ್ತಾರೆ. ಹಾಗಾಗಿ 4ರಿಂದ 10ಕ್ಕೆ ಎರಡೆರಡು ಪ್ರತಿ ಸಾಕು. ಅಲ್ಲಿ 12 ಪ್ರತಿ, ಇಲ್ಲಿ 14, ಒಟ್ಟು 26 ಪ್ರತಿ. ಒಂದಕ್ಕೆ 450 ರೂಪಾಯಿ ಹಿಡಿದರೆ 11,700 ರೂಪಾಯಿ. 11ರಿಂದ ಮುಂದಿನವು ಒಂದೊಂದೇ ಇರಲಿ, ಸೆಕೆಂಡ್‌ಹ್ಯಾಂಡ್ ಆದರೂ ಅಡ್ಡಿಯಿಲ್ಲ.

ಸೆಕೆಂಡ್‌ಹ್ಯಾಂಡಿಗೆ ದೂರ ಹೋಗಬೇಕಿಲ್ಲ. ಕಿಂಗ್ಸ್ ಸರ್ಕಲ್‌ನ ಫುಟ್‌ಪಾತ್ ಅಂಗಡಿಗಳು, ಫ್ಲೋರಾ ಫೌಂಟನ್ ಸುತ್ತಿನವರು, ಆಯಾ ಬಡಾವಣೆಯ ರದ್ದಿವಾಲಾ. ಪುಣೆಯಲ್ಲಿ ಬಂಧುಗಳಿದ್ದರೆ ಅಪ್ಪಾ ಬಳವಂತ ಚೌಕದ ಕಡೆ ಒಂದು ಕಣ್ಣಿಡಲು ಹೇಳಿ. ಕೈಯಲ್ಲಿ ಸಂಖ್ಯೆಯ ಪಟ್ಟಿ ಇಲ್ಲದೆ ಹೋಗಬೇಡಿ. ಎಲ್ಲ ಹೆಸರೂ ಒಂದೇ ಥರ ಕಾಣುವ ಸರಣಿಯಲ್ಲಿ ಇದ್ದದ್ದನ್ನೇ ಮತ್ತೆ ತರುವುದು ಮಾಮೂಲು. ಕೊಳ್ಳುವ ಮೊದಲು ಕೊನೆಯ ಹತ್ತು ಪುಟ ಇವೆಯೇ ನೋಡಿ, ಏಕೆಂದರೆ ಪೇಪರ್‌ಬ್ಯಾಕ್ ಬಿಚ್ಚಿಕೊಳ್ಳುವುದು ಎರಡೂ ತುದಿಯಿಂದ. ಪತ್ತೇದಾರಿಯಲ್ಲಿ ಕೊನೆಯ ಪುಟ ಹೋದರೆ ಇಡೀ ಪುಸ್ತಕ ಹೋದಂತೆ. ಬೆನ್ನನ್ನು ಸ್ವಲ್ಪ ಬಾಗಿಸಿದಾಗ ಚಟ್ ಎಂದು ಸದ್ದು ಬಂದರೆ ಅಂಟು ಒಣಗಿದೆ, ಬಿಟ್ಟುಬಿಡಿ. ಅಮೆರಿಕದಲ್ಲಿರುವ ಮಕ್ಕಳು ತಂದುಕೊಡುವ ಗಟ್ಟಿರಟ್ಟಿನ ಪ್ರತಿಗಳೂ ಬರುತ್ತವೆ. 2004ರ 18ನೆಯದರಿಂದ ಈಚಿನವು ಅಲ್ಲಿ ಮೊದಲು ಗಟ್ಟಿರಟ್ಟಿನಲ್ಲೇ ಬರುತ್ತವೆ. ಅವುಗಳ ಎತ್ತರ ಸುಮಾರು 24 ಸೆಂ.ಮೀ., ಸಣ್ಣ ಪೇಪರ್‌ಬ್ಯಾಕಿನದು 17.5. ಅಡ್ಡಹಲಗೆಗಳ ನಡುವೆ 26 ಸೆಂ.ಮೀ. ಬಿಡದಿದ್ದರೆ ಗಟ್ಟಿರಟ್ಟಿನವನ್ನು ಮಲಗಿಸಬೇಕಾಗುತ್ತದೆ, ಕ್ರಮ ಅಲ್ಲೇ ಮುರಿಯುತ್ತದೆ. ಒಟ್ಟು ಜಾಗದ ಲೆಕ್ಕ: 60 ಕಾದಂಬರಿ, ನೀಳ್ಗತೆಗಳ ಆರು ಪುಸ್ತಕ, ‘ರಿಮೆಂಬರ್ ವೆನ್’ ಸೇರಿ 67. ಒಂದಕ್ಕೆ ಸರಾಸರಿ 2.7 ಸೆಂ.ಮೀ. ಹಿಡಿದರೆ 181 ಸೆಂ.ಮೀ. ಮೂರಡಿಯ ಉಕ್ಕಿನ ರ‍್ಯಾಕಿನಲ್ಲಿ ಎರಡು ಹಲಗೆ ಭರ್ತಿ. ವರ್ಷಕ್ಕೆ ಎರಡು ಸೇರುವುದರಿಂದ ಮೂರನೆಯ ಹಲಗೆಯ ಒಂದು ಮೂಲೆ ಈಗಲೇ ಕಾದಿರಿಸಿ.

ದಯವಿಟ್ಟು ಇವನ್ನು ಬೈಂಡಿಂಗಿಗೆ ಕೊಡಬೇಡಿ. ನಮ್ಮ ಊರಿನ ಬೈಂಡರುಗಳು ಪೇಪರ್‌ಬ್ಯಾಕಿಗೆ ಪಕ್ಕದಿಂದ ದಬ್ಬಣ ಹಾಕಿ ಹೊಲಿಯುತ್ತಾರೆ. ಆ ಹೊಲಿಗೆ ಒಳ ಅಂಚಿನ ಸುಮಾರು ಒಂದು ಸೆಂ.ಮೀ. ನುಂಗುತ್ತದೆ. ದಪ್ಪ ಕನ್ನಡ ಕಾದಂಬರಿಯಲ್ಲಿ ಅಂಚು ಅಗಲವಿರುವುದರಿಂದ ನಡೆದೀತು. ಅಮೆರಿಕದ ಸಣ್ಣ ಪೇಪರ್‌ಬ್ಯಾಕಿನಲ್ಲಿ ಒಳ ಅಂಚೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಸಾಲಿನ ಮೊದಲ ಪದ ಹೊಲಿಗೆಯೊಳಗೆ ಸೇರುತ್ತದೆ. ಓದುವವರು ಒತ್ತಿ ಬಿಡಿಸುತ್ತಾರೆ, ದಾರದ ತೂತುಗಳ ಸಾಲಿಗೆ ಸರಿಯಾಗಿ ಕಾಗದ ಹರಿಯುತ್ತದೆ. ಹಾಳೆ ಸಡಿಲವಾದರೆ ಅದರ ಒಳ ಅಂಚಿಗೆ ಫೆವಿಕಾಲನ್ನು ತೆಳುವಾಗಿ ಸವರಿ, ಜಾಗದಲ್ಲಿ ಕೂರಿಸಿ, ಎರಡು ಹಲಗೆಗಳ ನಡುವೆ ಭಾರ ಹೇರಿ ರಾತ್ರಿಯಿಡೀ ಬಿಡಿ. ಬೆನ್ನಿಗೆ ಬಟ್ಟೆಯ ಟೇಪು. ಸೆಲೋಟೇಪು ಬೇಡವೇ ಬೇಡ, ನಮ್ಮ ಸೆಕೆಗೆ ಅಂಟು ಇಳಿದು ಪಕ್ಕದ ಪುಸ್ತಕವನ್ನೂ ಹಿಡಿಯುತ್ತದೆ.

ಮಳೆಗಾಲದ ನಾಲ್ಕು ತಿಂಗಳು ಬೇರೆಯೇ ಕಥೆ. ಅಗ್ಗದ ಪೇಪರ್‌ಬ್ಯಾಕಿನ ಕಾಗದ ತೇವವನ್ನು ಬೇಗ ಹೀರುತ್ತದೆ. ಗಾಳಿಯ ತೇವಾಂಶ ಶೇ. 65–70 ದಾಟಿ ಅಲ್ಲೇ ನಿಂತರೆ ಬೂಷ್ಟು ಹಿಡಿಯುತ್ತದೆ. ಪುಸ್ತಕ ಕಾಪಾಡುತ್ತೇವೆಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಅತಿ ದೊಡ್ಡ ತಪ್ಪು, ತೇವ ಒಳಗೇ ಉಳಿಯುತ್ತದೆ. ರ‍್ಯಾಕನ್ನು ಗೋಡೆಯಿಂದ ಗೇಣುದ್ದ ದೂರ ಸರಿಸಿ, ಪುಸ್ತಕಗಳನ್ನು ಬಿಗಿಯಾಗಿ ತುರುಕದೆ ಗಾಳಿಯಾಡಲು ಬಿಡಿ. ನುಸಿಗುಳಿಗೆ ಹುಳಕ್ಕೆ ಮದ್ದು, ಬೂಷ್ಟಿಗಲ್ಲ. ಕಿಂಗ್ಸ್ ಸರ್ಕಲ್, ಸಾಯನ್, ಹಿಂದಮಾತಾ ಕಡೆ ನೆಲಮಾಳಿಗೆಯಲ್ಲೋ ನೆಲಅಂತಸ್ತಿನಲ್ಲೋ ಗ್ರಂಥಾಲಯವಿದ್ದರೆ ಕೆಳಗಿನ ಹಲಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾಲಿ ಇರಲಿ, ಕಾರಣ ಹೇಳಬೇಕಿಲ್ಲ.

ಯಾರಿಗೆ ಕೊಡಬಾರದು ಎಂಬುದೂ ಮುಖ್ಯ. ಹಾರುವ ವಾಹನ, ರೋಬೋಟು ಎಂದು ಕೇಳಿ ಮಕ್ಕಳ ವಿಭಾಗಕ್ಕೆ ಸೇರಿಸಿಬಿಟ್ಟೀರಿ ಎಂಬ ಹೆದರಿಕೆ ನಮಗಿದೆ. ಇವು ದೊಡ್ಡವರ ಪುಸ್ತಕಗಳು. ಕೊಲೆಯ ವಿವರ ರಕ್ತಸಿಕ್ತ, ಗಂಡಹೆಂಡಿರ ಮಲಗುವ ಕೋಣೆಯ ಬಾಗಿಲು ತೆರೆದೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಈವ್ ಡಾಲಸ್ ಎಂಟು ವರ್ಷದ ಹುಡುಗಿಯಾಗಿದ್ದಾಗ ಅನುಭವಿಸಿದ ದೌರ್ಜನ್ಯ ಸರಣಿಯುದ್ದಕ್ಕೂ ದುಃಸ್ವಪ್ನವಾಗಿ ಮರುಕಳಿಸುತ್ತದೆ. 18 ತುಂಬದವರಿಗೆ ಬೇಡ. ತುಂಬಿದವರಿಗೂ ಕೊಡುವ ಮುನ್ನ ಈ ಒಂದು ಮಾತು ಹೇಳಿ ಕೊಡಿ.

ಈಗ ಚರ್ಚೆ. ತಿಂಗಳಿಗೊಂದು ಭಾನುವಾರ, ಸಂಜೆ 5ಕ್ಕೆ. ಬೆಳಗ್ಗೆ ಇಟ್ಟರೆ ರೈಲುಹಳಿ ದುರಸ್ತಿಯ ಮೆಗಾಬ್ಲಾಕಿನಲ್ಲಿ ಅರ್ಧ ಜನ ಡೊಂಬಿವಲಿಯಲ್ಲೇ ಉಳಿಯುತ್ತಾರೆ. ಹಲಗೆಯ ಮೇಲೆ ‘ಇಂದಿನ ಗಡಿ: 6’ ಎಂದು ಬರೆಯಿರಿ, 7ರಿಂದ ಮುಂದಿನ ಒಂದು ಸಂಗತಿಯೂ ಬಾಯಿಗೆ ಬರಬಾರದು. ‘ಆಮೇಲೆ ಏನಾಗತ್ತೆ ಗೊತ್ತಾ’ ಎಂದು ಶುರುಮಾಡಿದವರಿಗೆ ಎಲ್ಲರ ಚಹಾದ ಖರ್ಚು.

ಎಲ್ಲ ಪುಸ್ತಕಕ್ಕೂ ಒಂದೇ ಬಗೆಯ ಚರ್ಚೆ ಹೊಂದುವುದಿಲ್ಲ. ಸರಣಿಯಲ್ಲಿ ಎರಡು ಜಾತಿಯ ಪುಸ್ತಕಗಳಿವೆ. ಒಂದು, ಕೊಲೆಗಾರ ಯಾರೆಂದು ಕೊನೆಯವರೆಗೆ ತಿಳಿಯದವು. ಇದಕ್ಕೆ ಹಲಗೆಯ ಮೇಲೆ ಶಂಕಿತರ ಪಟ್ಟಿ ಮಾಡಿ, ಪ್ರತಿಯೊಬ್ಬರೂ ಮೊದಲು ಕಾಣಿಸಿಕೊಳ್ಳುವ ಪುಟಸಂಖ್ಯೆ ಬರೆಯಿರಿ. ಕೊಲೆಗಾರ ಪುಸ್ತಕದ ಮೊದಲ ಮೂರನೇ ಒಂದು ಭಾಗದೊಳಗೆ ಬಂದಿದ್ದಾನೆಯೇ? ಅವನತ್ತ ಬೊಟ್ಟು ಮಾಡುವ ಸುಳಿವು ಈವ್‌ಗೆ ಸಿಕ್ಕಿದಾಗಲೇ ನಮಗೂ ಸಿಕ್ಕಿತೇ? ಸಿಗದಿದ್ದರೆ ಅದು ಮೋಸದಾಟ ಎಂದು ಧಾರಾಳವಾಗಿ ಬೈಯಬಹುದು. ಇನ್ನೊಂದು ಜಾತಿಯಲ್ಲಿ ಕೊಲೆಗಾರ ಮೊದಲೇ ಗೊತ್ತು, ಬೆನ್ನಟ್ಟುವುದಷ್ಟೇ ಕಥೆ: 14, 33, 37 ಹೀಗೆ. 37 ಆರಂಭವಾಗುವುದೇ ಕೊಲೆಗಾರನ ಜೊತೆಗೆ. ಇಲ್ಲಿ ಶಂಕಿತರ ಪಟ್ಟಿ ಹಿಡಿದು ಕೂತರೆ ಹತ್ತು ನಿಮಿಷಕ್ಕೆ ಚರ್ಚೆ ಸತ್ತುಹೋಗುತ್ತದೆ. ಬದಲಿಗೆ ಪೊಲೀಸ್ ಕೆಲಸದ ಹೆಜ್ಜೆಗಳನ್ನು ಹಿಡಿಯಿರಿ: ಸ್ಥಳಕ್ಕೆ ಬಂದ ಕೂಡಲೇ ರೆಕಾರ್ಡರ್ ಚಾಲೂ, ಗುರುತು ಬೀಳದಂತೆ ಕೈಕಾಲಿಗೆ ‘ಸೀಲ್-ಇಟ್’ ಲೇಪ, ಸಾವಿನ ಸಮಯದ ಅಳತೆ, ಕಂಪ್ಯೂಟರಿನಿಂದ ಸಂಭವನೀಯತೆಯ ಲೆಕ್ಕ, ಈವ್‌ಳ ಸಹೋದ್ಯೋಗಿ ಫೀನಿಯ ಎಲೆಕ್ಟ್ರಾನಿಕ್ ವಿಭಾಗದ ಪಾಲು. ಕೊಲೆಗಾರ ಎಲ್ಲಿ ಒಂದು ಹೆಜ್ಜೆ ಮುಂದಿದ್ದ, ಪೊಲೀಸರು ಎಲ್ಲಿ ತಡಮಾಡಿದರು ಎಂದು ವೇಳಾಪಟ್ಟಿ ಹಾಕಿದರೆ ಒಂದು ಗಂಟೆ ಸಾಲುವುದಿಲ್ಲ.

ಜಗಳಕ್ಕೆ ಹೇಳಿಮಾಡಿಸಿದ ಎರಡು ಪುಸ್ತಕಗಳನ್ನು ಗುರುತು ಮಾಡಿಟ್ಟುಕೊಳ್ಳಿ. 30ನೆಯದರಲ್ಲಿ ಕಂಪ್ಯೂಟರ್ ಆಟಗಳ ಕಂಪನಿಯ ಒಡೆಯ ಒಳಗಿನಿಂದ ಭದ್ರವಾಗಿದ್ದ ತನ್ನದೇ ಆಟದ ಕೋಣೆಯಲ್ಲಿ ರುಂಡ ಕಳೆದುಕೊಳ್ಳುತ್ತಾನೆ. ಮುಚ್ಚಿದ ಕೋಣೆಯ ಕೊಲೆ ಹಳೆಯ ಕಸುಬು. ಭವಿಷ್ಯದ ಯಂತ್ರವನ್ನು ತಂದು ಬಿಡಿಸಿದ್ದು ನ್ಯಾಯವೇ ಎಂಬ ಪ್ರಶ್ನೆಗೆ ನಮ್ಮೊಳಗೇ ಒಮ್ಮತವಿಲ್ಲ. ಎರಡನೆಯದು 31.5. ಅಷ್ಟೂ ಪುಸ್ತಕಗಳಲ್ಲಿ ಸಾಕ್ಷ್ಯವನ್ನಲ್ಲದೆ ಬೇರೇನನ್ನೂ ನಂಬದ ಈವ್ ಇಲ್ಲಿ ಸತ್ತವಳೊಬ್ಬಳ ಆತ್ಮವನ್ನು ಹೊತ್ತು ತಿರುಗುತ್ತಾಳೆ. ತರ್ಕದ ಸರಣಿಗೆ ಇದು ಕಳಂಕ ಎನ್ನುವವರು ಒಂದು ಕಡೆ. ಊರಿನಲ್ಲಿ ದರ್ಶನ, ಕೋಲ ನೋಡಿ ಬೆಳೆದವರು ಇನ್ನೊಂದು ಕಡೆ. ಹಾಲ್ ಬುಕ್ ಮಾಡುವಾಗ ಅರ್ಧ ಗಂಟೆ ಹೆಚ್ಚೇ ಇರಲಿ.

ಎಲ್ಲ 60ನ್ನೂ ಹೊಗಳುತ್ತಿದ್ದೇವೆ ಎಂದುಕೊಳ್ಳಬೇಡಿ. ಸರಣಿಯ ನಿಜವಾದ ಕಸುವು 14ರಿಂದ 25ರ ನಡುವೆ ಇದೆ. 40 ದಾಟಿದ ಮೇಲೆ ಕೆಲವು ದೃಶ್ಯಗಳು ಪ್ರತಿ ಪುಸ್ತಕಕ್ಕೂ ಹಾಜರಿ ಹಾಕುತ್ತವೆ: ಬಾಗಿಲಲ್ಲಿ ಮನೆವಾರ್ತೆಯ ಸಮರ್‌ಸೆಟ್ ಜೊತೆ ಕುಟುಕುಮಾತು, ಕಚೇರಿಯಲ್ಲಿ ಬಚ್ಚಿಟ್ಟ ಚಾಕೊಲೇಟಿನ ಕಳವು. 1995ರಲ್ಲಿ ಊಹಿಸಿದ 2058ರಲ್ಲಿ ಮುಖ ನೋಡಿ ಮಾತಾಡುವ ಜೇಬಿನ ಯಂತ್ರವೂ ಇದೆ, ಮಾಹಿತಿ ಸಾಗಿಸಲು ಕೈಯಲ್ಲಿ ಡಿಸ್ಕು ಹಿಡಿದು ಓಡಾಡುವ ಪೊಲೀಸರೂ ಇದ್ದಾರೆ. ನಗು ಬರುತ್ತದೆ, ಬರಲಿ. 11ರಿಂದ ಮುಂದಿನವನ್ನು ಕೊಳ್ಳಲು ಆತುರ ಬೇಡ. ಓದುಗರ ಕಾರ್ಡಿನಲ್ಲಿ 8ನೆಯ ಚೌಕಕ್ಕೆ ಗೀಟು ಬಿದ್ದವರು ಆರು ಜನರಾದರೂ ಇದ್ದಾರೆ ಎಂದಾದಾಗ ಮುಂದಿನ ಐದಕ್ಕೆ ಆರ್ಡರ್ ಕೊಡಿ.

ಪುಸ್ತಕಖರೀದಿಯ ತೀರ್ಮಾನ ಮೇ ತಿಂಗಳೊಳಗೆ ಆದರೆ ಒಳ್ಳೆಯದು. ಜೂನ್‌ನಲ್ಲಿ ಪಾರ್ಸೆಲ್ ತರಿಸಿದರೆ ಅರ್ಧ ಪೆಟ್ಟಿಗೆ ಒದ್ದೆಯಾಗಿ ಬರುತ್ತದೆ. 1ರಿಂದ 60ರವರೆಗಿನ ಹೆಸರು, ಅಚ್ಚಾದ ವರ್ಷ, ನೀಳ್ಗತೆಗಳ ಜಾಗ, ಯಾವ ಪುಸ್ತಕ ಯಾವ ಜಾತಿಯದು ಎಂಬ ಗುರುತು, ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ಕೊಡುತ್ತೇವೆ. ಬೆನ್ನಚೀಟಿ ಅಂಟಿಸಲು ಜನವನ್ನೂ ಕಳಿಸುತ್ತೇವೆ. ಅಲ್ಲಿಯವರೆಗೆ ಆ 34ನೆಯದನ್ನು ಯಾರಿಗೂ ಕೊಡಬೇಡಿ.

ಇಂತು ನಿಮ್ಮ ವಿಶ್ವಾಸಿಗಳು,
ಸರಣಿಯ ಕನ್ನಡ ಓದುಗರು
ಮಾಟುಂಗಾ, ಠಾಣೆ, ಡೊಂಬಿವಲಿ